ಠಾಣೆಯಿಂದ ಫೋನ್ ಬಂತು, ಈಗ ಯಾವ ವಕೀಲರನ್ನು ಹಿಡಿಯೋಣ?

ದಾವಣಗೆರೆ ಕೋರ್ಟಿನಲ್ಲಿ 22 ವರ್ಷ ವಕೀಲರ ಗುಮಾಸ್ತನಾಗಿ ಕಡತ ಹೊತ್ತವನು ನಾನು. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಿಹರ, ಎಲ್ಲ ಕಡೆಯ ಪಾರ್ಟಿಗಳನ್ನೂ ನೋಡಿದ್ದೇನೆ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ನಾಲ್ಕಾಗಿ ಮಡಿಸಿದ ಎಫ್‌ಐಆರ್. ಬಂದವರೇ, 'ಯಾವ ವಕೀಲ್ರನ್ನ ಹಿಡಿಯೋಣ ಗುಮಾಸ್ತ್ರೆ?' ಅಂತ ಕೇಳುತ್ತಿದ್ದರು. ನಿಜ ಹೇಳಬೇಕಂದ್ರೆ ವಕೀಲರು ಸಿಗುವುದು ಕಷ್ಟವೇನಲ್ಲ. ಸಿಕ್ಕ ಮೇಲೆ ಅವರ ಮುಂದೆ ಕೂತು ಏನು ಹೇಳಬೇಕು, ಏನು ಕೇಳಬೇಕು ಅನ್ನುವಲ್ಲೇ ಜನ ಎಡವುತ್ತಾರೆ. ಹಾಗಾಗಿ ಅದನ್ನೇ ಜಾಸ್ತಿ ಬರೆಯುತ್ತೇನೆ. ಉಳಿದದ್ದು ಬೇಗ ಬೇಗ.

ಹೆಜ್ಜೆ 1: ಊರು ಬಿಡಬೇಡಿ, ಎಫ್‌ಐಆರ್ ತರಿಸಿ

ಹೆಸರು ಬಂದಿದೆ ಅಂತ ಗೊತ್ತಾದ ಕೂಡಲೇ ರಾತ್ರೋರಾತ್ರಿ ನೆಂಟರ ಊರಿಗೆ ಹೋಗಿಬಿಡುವವರು ಬಹಳ. 7 ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಪೊಲೀಸರು ಸಾಮಾನ್ಯವಾಗಿ ಮೊದಲು ನೋಟಿಸ್ ಕೊಟ್ಟು ಕರೆಯಬೇಕು. ಕರೆದಾಗ ಹೋದವರನ್ನು ಸುಮ್ನೆ ಬಂಧಿಸುವ ಹಾಗಿಲ್ಲ. ಹೋಗದೆ ಇದ್ದರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ.

ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ವಿಚಾರಣೆ ನಡೆಯುವಾಗ ನಿಮ್ಮ ವಕೀಲರನ್ನು ಭೇಟಿಯಾಗುವ ಹಕ್ಕಿದೆ. ಆದರೆ ಅವರು ಪೂರ್ತಿ ಹೊತ್ತು ಪಕ್ಕದಲ್ಲೇ ಕೂರುವಂತಿಲ್ಲ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಮ್ಮ ಮೇಲೆ ಸಾಕ್ಷ್ಯವಾಗುವುದಿಲ್ಲ. ಆದರೆ 'ಕುಡುಗೋಲು ಬಾವಿ ಹತ್ರ ಐತಿ' ಅಂತ ಹೇಳಿ, ಅಲ್ಲೇ ಅದು ಸಿಕ್ಕರೆ, ಆ ಮಾತಿನಲ್ಲಿ ಅಷ್ಟು ಭಾಗ ನಡೆಯುತ್ತದೆ. ಬಾಯಿ ಬಿಡುವ ಮೊದಲು ಇದು ನೆನಪಿರಲಿ.

ಎಫ್‌ಐಆರ್ ಪ್ರತಿಗೆ ಯಾರಿಗೂ ದುಡ್ಡು ಕೊಡಬೇಡಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದದ್ದೆಲ್ಲ 24 ಗಂಟೆಯೊಳಗೆ ಪೊಲೀಸರ ವೆಬ್‌ಸೈಟಿಗೆ ಬರಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ.

ಹೆಜ್ಜೆ 2: ಹುಡುಕುವುದು

ಒಂದು ಬೆಳಿಗ್ಗೆ 11ಕ್ಕೆ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂತುಬಿಡಿ. ಯಾರೂ ಬೇಡ ಅನ್ನುವುದಿಲ್ಲ. ಯಾವ ವಕೀಲರು ಕಡತ ಓದಿಕೊಂಡು ಬಂದಿದ್ದಾರೆ, ಯಾರು ಬರೀ ವಾಯಿದೆ ಕೇಳುತ್ತಿದ್ದಾರೆ ಅನ್ನುವುದು ಒಂದೇ ಗಂಟೆಯಲ್ಲಿ ಕಾಣುತ್ತದೆ. ಇಷ್ಟು ಒಳ್ಳೆ ಪರೀಕ್ಷೆ ಬೇರೆ ಇಲ್ಲ. ಆದರೂ ಮಾಡುವವರು ನೂರಕ್ಕೆ ಒಬ್ಬರೂ ಇಲ್ಲ. ಎಮ್ಮೆ ಕೊಳ್ಳುವಾಗ ಬಾಯಿ ತೆಗೆಸಿ ಹಲ್ಲು ನೋಡುತ್ತೇವೆ, ಅಲ್ವಾ?

ಗೇಟಿನ ಹತ್ತಿರ ಚಹಾ ಕುಡಿಯುತ್ತಾ 'ನಮ್ ಸಾಹೇಬ್ರು ಒಂದೇ ದಿನಕ್ಕೆ ಬೇಲ್ ಕೊಡಿಸ್ತಾರೆ' ಅನ್ನುವವರ ಜೊತೆ ಹೋಗಬೇಡಿ. ಫೋನಿನಲ್ಲಿ ಬರುವ 'ನಂಬರ್ ಒನ್ ಕ್ರಿಮಿನಲ್ ಲಾಯರ್' ಪಟ್ಟಿಗಳನ್ನೂ ನಂಬಬೇಡಿ. ವಕೀಲರು ಜಾಹೀರಾತು ಕೊಡುವುದನ್ನು ಬಾರ್ ಕೌನ್ಸಿಲ್ ನಿಯಮವೇ ಒಪ್ಪುವುದಿಲ್ಲ.

ಬೆಂಗಳೂರಿನಿಂದಲೇ ಕರೆಸಬೇಕು ಅನ್ನುವುದು ದುಡ್ಡಿದ್ದವರ ಹುಚ್ಚು. ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ಕೋರ್ಟಿನ ಕೇಸಿಗೆ ದಿನಾ ಅದೇ ಹಾಲಿನಲ್ಲಿ ನಿಲ್ಲುವವರೇ ಸರಿ. ನನ್ನನ್ನು ಕೇಳಿದರೆ, ಕಚೇರಿ ತುಂಬಾ ಪಾರ್ಟಿ ಇರುವ ದೊಡ್ಡ ಹೆಸರಿಗಿಂತ ಹತ್ತು ಹದಿನೈದು ವರ್ಷ ಅನುಭವ ಇದ್ದು, ಪಾಟೀಸವಾಲು, ಅಂದರೆ ಎದುರಿನವರ ಸಾಕ್ಷಿಗೆ ಪ್ರಶ್ನೆ ಹಾಕುವುದು, ತಾವೇ ಮಾಡುವವರು ಮೇಲು. ಹೈಕೋರ್ಟಿಗೆ ಹೋಗುವ ಹೊತ್ತು ಬಂದರೆ ಮಾತು ಬೇರೆ. ನಮಗೆ ಹೈಕೋರ್ಟಿನ ಧಾರವಾಡ ಪೀಠ ಹತ್ತಿರವಾದರೂ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಕೇಸುಗಳು ಬೆಂಗಳೂರು ಪೀಠಕ್ಕೇ ಹೋಗುತ್ತವೆ.

ದುಡ್ಡೇ ಇಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿರುವವರು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. 'ಫ್ರೀ ವಕೀಲ್ರು ಕೆಲಸ ಮಾಡಲ್ಲ' ಅನ್ನುವ ಮಾತು ಹಳೆಯದು. ಈಗ ಜಿಲ್ಲೆಗಳಲ್ಲಿ ಆರೋಪಿಗಳ ಪರ ಕೆಲಸಕ್ಕೆಂದೇ ಪೂರ್ಣಾವಧಿ ವಕೀಲರನ್ನು ಇಟ್ಟಿದ್ದಾರೆ. ಅವರು ಹೊರಗಿನ ಖಾಸಗಿ ಕೇಸು ಹಿಡಿಯುವಂತಿಲ್ಲ.

ಹೆಜ್ಜೆ 3: ಮೊದಲ ಸಲ ಕೂತು ಮಾತಾಡುವುದು

ಕೇಸು ಕೆಡುವುದು ಹೆಚ್ಚಾಗಿ ಇಲ್ಲಿ. ಒಂದು ಸಂಗತಿ ಹೇಳುತ್ತೇನೆ.

ಜಗಳೂರು ಕಡೆಯ ರೈತ. ಬದುವಿನ ಜಗಳ, ಎದುರಿನವನ ತಲೆಗೆ ಪೆಟ್ಟು. ಇವನ ಜೊತೆ ಭಾಮೈದ, ಮಾವ, ಊರಿನ ಹಿರಿಯರಿಬ್ಬರು, ಕಾರು ತಂದ ಹುಡುಗ. ಕಚೇರಿಯಲ್ಲಿ ಕುರ್ಚಿ ಸಾಲದೆ ನಾನು ಎದ್ದು ನಿಂತೆ. ಮಾತೆಲ್ಲ ಭಾಮೈದನದೇ. 'ನಮ್ ಭಾವ ಅವತ್ತು ಊರಾಗೇ ಇರ್ಲಿಲ್ಲ ಸಾರ್, ಚಳ್ಳಕೆರೆಗೆ ಶೇಂಗಾ ಹಾಕಾಕ್ ಹೋಗಿದ್ದ.' ರೈತ ನೆಲ ನೋಡುತ್ತಾ ಹೂಂ ಅಂದ. ಏಪ್ರಿಲ್ ಬಿಸಿಲು, ಆದರೂ ತುಂಬುತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಬಿಗಿಯಾಗಿ ಹಾಕಿದ್ದ. ನನಗೆ ಅದು ಕಂಡಿತ್ತು. ಗುಮಾಸ್ತ ಬಾಯಿ ಹಾಕಬಾರದು ಅಂತ ಸುಮ್ಮನಿದ್ದೆ.

ವಕೀಲರು ಹೇಳಿದ್ದನ್ನು ನಂಬಿ ಜಾಮೀನು ಅರ್ಜಿಯಲ್ಲಿ ಹಾಗೇ ಬರೆಸಿದರು. ವಿಚಾರಣೆ ದಿನ ಸರ್ಕಾರಿ ವಕೀಲರು ಆಸ್ಪತ್ರೆಯ ಒಂದು ಚೀಟಿ ತೆಗೆದರು. ಅದೇ ದಿನ ಸಂಜೆ, ಅದೇ ತಾಲ್ಲೂಕಿನಲ್ಲಿ, ಇದೇ ರೈತನ ಎಡಗೈಗೆ 5 ಹೊಲಿಗೆ. 'ಚಳ್ಳಕೆರೆಯಲ್ಲಿದ್ದವರಿಗೆ ಇಲ್ಲಿ ಹೊಲಿಗೆ ಹಾಕಿದ್ದು ಹೇಗೆ?' ಅರ್ಜಿ ವಜಾ. ಮತ್ತೆ ಜಾಮೀನು ಸಿಗುವ ಹೊತ್ತಿಗೆ ತಿಂಗಳ ಮೇಲಾಯಿತು.

ಬೇಜಾರಿನ ಸಂಗತಿ ಏನಂದ್ರೆ, ಆ ಗಾಯವೇ ಅವನನ್ನು ಕಾಪಾಡುವ ಕಾಗದವಾಗಿತ್ತು. ಮೊದಲು ಸಲಿಕೆ ಬೀಸಿದ್ದು ಎದುರಿನವನು, ಇವನು ಕೈ ಅಡ್ಡ ಹಿಡಿದಿದ್ದ. ಆತ್ಮರಕ್ಷಣೆ ಅಂತ ಮೊದಲ ದಿನವೇ ಹೇಳಬಹುದಿತ್ತು. ಒಮ್ಮೆ ಊರಲ್ಲೇ ಇರಲಿಲ್ಲ ಅಂದ ಮೇಲೆ ಹೊಡೆತ ತಡೆದೆ ಅನ್ನಲು ಬಾಯಿ ಎಲ್ಲಿಂದ ಬರಬೇಕು? ಮಾವನ ಮುಂದೆ ಹೇಳಲು ನಾಚಿಕೆಯಾಯ್ತು ಅಂತ ಆಮೇಲೆ ನನ್ನ ಹತ್ತಿರ ಹೇಳಿದ.

ಅದಕ್ಕೇ, ವಕೀಲರ ಹತ್ತಿರ ಒಬ್ಬರೇ ಕೂರಿ. ದಂಡು ಹೊರಗೆ ಮಂಡಕ್ಕಿ ಮಿರ್ಚಿ ತಿನ್ನುತ್ತಿರಲಿ. ನೀವು ನಿಮ್ಮ ವಕೀಲರಿಗೆ ಹೇಳಿದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಅವರು ಹೊರಗೆ ಬಿಡುವಂತಿಲ್ಲ. ಕಾನೂನೇ ಅದನ್ನು ಕಾಯುತ್ತದೆ, ಗುಮಾಸ್ತನಿಗೂ ಅದು ಅನ್ವಯ. ಆದರೆ ಮುಂದೆ ಮಾಡಬೇಕೆಂದಿರುವ ತಪ್ಪಿಗೆ ಸಹಾಯ ಕೇಳಿದರೆ ಈ ರಕ್ಷಣೆ ಇಲ್ಲ. ಸಾಕ್ಷಿಯನ್ನು ಹೆದರಿಸೋಣವೇ ಅಂತ ಕೇಳುವವರೂ ಇದ್ದಾರೆ, ಅದಕ್ಕೆ ಹೇಳಿದೆ.

ಒಂದು ಹಾಳೆಯಲ್ಲಿ ಕೈಯಾರೆ ಬರೆದುಕೊಂಡು ಹೋಗಿ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿದ್ದೆ, ಯಾರು ನೋಡಿದರು, ಯಾರಿಗೆ ಫೋನ್ ಮಾಡಿದೆ. ಹಳೆ ಕೇಸು, ಹಳೆ ಜಗಳ, ಎದುರಿನವರ ಜೊತೆಗಿನ ದುಡ್ಡಿನ ವ್ಯವಹಾರ ಮುಚ್ಚಿಡಬೇಡಿ. ಹದಿನೆಂಟು ವಾಟ್ಸ್ಆಪ್ ವಾಯ್ಸ್ ಮೆಸೇಜ್ ಕಳಿಸಿ 'ಕೇಳ್ಕೊಳ್ಳಿ ಸಾರ್' ಅನ್ನಬೇಡಿ, ಯಾರೂ ಕೇಳುವುದಿಲ್ಲ. ಫೋನಿನಲ್ಲಿರುವ ಏನನ್ನೂ ಅಳಿಸಬೇಡಿ.

ನೀವು ಕೇಳಬೇಕಾದದ್ದು ಮೂರೇ. ಕೋರ್ಟಿನಲ್ಲಿ ನಿಲ್ಲುವವರು ನೀವಾ, ಜೂನಿಯರಾ? ಇಂಥ ಕೇಸು ತೀರ್ಪಿನವರೆಗೆ ನಡೆಸಿದ್ದೀರಾ? ನನ್ನ ಕೇಸಿನಲ್ಲಿ ನಮಗೆ ಕಷ್ಟ ಇರುವುದು ಯಾವುದು? ಮೂರನೆಯದಕ್ಕೆ 'ಏನೂ ಇಲ್ಲ, ಬಿಡಿಸಿಬಿಡ್ತೀನಿ' ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಒಳ್ಳೆಯ ವಕೀಲರು ಮೊದಲು ಕೆಟ್ಟ ಸುದ್ದಿಯನ್ನೇ ಹೇಳುತ್ತಾರೆ.

ಹೆಜ್ಜೆ 4: ಫೀಸು

ಫೀಸಿನ ಮಾತಾಡಲು ನಮ್ಮ ಜನಕ್ಕೆ ಎಲ್ಲಿಲ್ಲದ ಸಂಕೋಚ. 'ನೀವು ಹೇಳಿದಂಗೆ ಸಾರ್' ಅಂದು ಕೈಮುಗಿಯುತ್ತಾರೆ, ಮೂರು ತಿಂಗಳಾದ ಮೇಲೆ ಹೊರಗೆ ಬೈಯುತ್ತಾರೆ. ಇಡೀ ಕೇಸು ಇಷ್ಟಕ್ಕೆ ಅಂತ ಗುತ್ತಿಗೆ ಮಾತಾಡಬೇಡಿ. ಹಂತ ಹಂತವಾಗಿ ಮಾತಾಡಿ: ಜಾಮೀನಿಗೆ ಎಷ್ಟು, ಚಾರ್ಜ್‌ಶೀಟ್ (ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ಆರೋಪಪಟ್ಟಿ) ಬಂದ ಮೇಲೆ ಎಷ್ಟು, ಸಾಕ್ಷಿ ವಿಚಾರಣೆಗೆ ಎಷ್ಟು, ವಾದಕ್ಕೆ ಎಷ್ಟು. ಸೆಷನ್ಸ್‌ನಲ್ಲಿ ಜಾಮೀನು ಸಿಗದೆ ಹೈಕೋರ್ಟಿಗೆ ಹೋದರೆ ಅದು ಬೇರೆ ಲೆಕ್ಕ, ಬೇರೆ ವಕೀಲರು. ಟೈಪಿಂಗ್, ಜೆರಾಕ್ಸ್, ಪ್ರಯಾಣ ಫೀಸಿನೊಳಗೋ ಹೊರಗೋ ಅನ್ನುವುದನ್ನೂ ಅವತ್ತೇ ಕೇಳಿ. ಫೋನ್‌ಪೇ ಮಾಡಿದರೆ ದಾಖಲೆ ಉಳಿಯುತ್ತದೆ. ನಗದು ಕೊಟ್ಟರೆ ಒಂದು ಚೀಟಿ ತಗೊಳ್ಳಿ.

'ಬಿಡುಗಡೆಯಾದ್ರೆ ಇಷ್ಟು, ಇಲ್ಲಾಂದ್ರೆ ಬೇಡ' ಅನ್ನುವ ಫೀಸು ವಕೀಲರ ನಿಯಮಕ್ಕೆ ವಿರುದ್ಧ. ಯಾರಾದರೂ 'ಮೇಲಿನ ಸಾಹೇಬ್ರಿಗೂ ಕೊಡಬೇಕಾಗುತ್ತೆ' ಅಂದರೆ ಆ ದುಡ್ಡು ಆ ಬಾಯಿಯವರ ಜೇಬಿಗೇ ಹೋಗುತ್ತದೆ ಅಂತ ತಿಳಿಯಿರಿ. ನಿಮ್ಮ ಮೇಲೆ ಇನ್ನೊಂದು ಕೇಸು ಬೇರೆ.

ಹೆಜ್ಜೆ 5: ವಕಾಲತ್ತು

ನಿಮ್ಮ ಪರ ಕೋರ್ಟಿನಲ್ಲಿ ನಿಲ್ಲಲು ವಕೀಲರಿಗೆ ನೀವು ಕೊಡುವ ಅಧಿಕಾರದ ಕಾಗದ ಇದು. ಓದಿ ಸಹಿ ಮಾಡಿ. ಖಾಲಿ ಹಾಳೆಗೆ ಬೇಡ. ಜೈಲಿನಲ್ಲಿದ್ದರೆ ಜೈಲಿನ ಅಧಿಕಾರಿ ಮುಂದೆ ಸಹಿಯಾಗುತ್ತದೆ.

ಹೆಜ್ಜೆ 6: ಜಾಮೀನು

ಇಲ್ಲೊಂದು ಸೆಕ್ಷನ್ ನಂಬರಿನ ಗೊಂದಲ ಇದೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಬಂಧನಕ್ಕೆ ಮೊದಲೇ ಕೇಳುವ ನಿರೀಕ್ಷಣಾ ಜಾಮೀನಿಗೆ ಹಿಂದೆ 438 ಅನ್ನುತ್ತಿದ್ದರು, ಈಗ 482. ಹಿಂದೆ 482 ಅಂದರೆ ಹೈಕೋರ್ಟಿನಲ್ಲಿ ಕೇಸನ್ನೇ ರದ್ದು ಮಾಡಿಸುವುದು, ಅದೀಗ 528. ವಕೀಲರ ಬಾಯಲ್ಲಿ ಹಳೆಯದೂ ಹೊಸದೂ ಬೆರೆತು ಬರುತ್ತವೆ. ನಂಬರ್ ಬಿಟ್ಟು, 'ಕನ್ನಡದಲ್ಲಿ ಏನು ಹಾಕ್ತಿದ್ದೀರಿ ಸಾರ್?' ಅಂತ ಕೇಳಿಬಿಡಿ.

ಆರೋಪಿ ಒಳಗಿದ್ದರೆ ಮನೆಯವರು ದಿನ ಎಣಿಸಬೇಕು. 60 ದಿನದಲ್ಲಿ, 10 ವರ್ಷ ಮತ್ತು ಅದಕ್ಕಿಂತ ದೊಡ್ಡ ಶಿಕ್ಷೆಯ ಅಪರಾಧವಾದರೆ 90 ದಿನದಲ್ಲಿ, ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಎಣಿಕೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದ ದಿನದಿಂದ. ಆದರೆ ಅರ್ಜಿ ಹಾಕಬೇಕು. ನಾಳೆ ಹಾಕೋಣ ಅಂತ ಬಿಟ್ಟು, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದರೆ ಆ ಹಕ್ಕು ಹೋಯಿತು.

ಜಾಮೀನು ಆದೇಶವಾದ ಸಂಜೆಯೇ ಸಿಹಿ ಹಂಚುತ್ತಾರೆ, ಜಾಮೀನುದಾರನನ್ನೇ ಕರೆತಂದಿರುವುದಿಲ್ಲ. ಪಹಣಿ ಅಥವಾ ಮನೆ ಕಾಗದ, ಆಧಾರ್, ಫೋಟೊ ಹಿಡಿದು ಅವರು ತಾವೇ ಕೋರ್ಟಿಗೆ ಬರಬೇಕು. ಪಹಣಿಯಲ್ಲಿ ತೀರಿಹೋದ ಅಪ್ಪನ ಹೆಸರೇ ಇರುವವರು ಎಷ್ಟೋ ಜನ. ಖಾತೆ ಬದಲಾಗಿದೆಯಾ ಅಂತ ಮೊದಲೇ ನೋಡಿ. ದುಡ್ಡಿಗೆ ಬಂದು ನಿಲ್ಲುವ ಬಾಡಿಗೆ ಜಾಮೀನುದಾರರ ಸಹವಾಸ ಬೇಡವೇ ಬೇಡ. ಕಾಗದ ನಕಲಿ ಅಂತ ಗೊತ್ತಾದರೆ ಅವನ ಜೊತೆ ನೀವೂ ಒಳಗೆ.

ಹೆಜ್ಜೆ 7: ಬೇಲ್ ಆದ ಮೇಲೆ

'ಬೇಲ್ ಆಯ್ತು, ಕೇಸ್ ಮುಗೀತು' ಅಂದುಕೊಂಡವರ ಮನೆಗೆ ವಾರಂಟ್ ಬರುತ್ತದೆ. ಕೇಸು ಇನ್ನೂ ಶುರುವೇ ಆಗಿರುವುದಿಲ್ಲ. ಚಾರ್ಜ್‌ಶೀಟಿನ ಪ್ರತಿ ನಿಮಗೆ ಪುಕ್ಕಟೆ ಕೊಡಬೇಕು. ಅದನ್ನು ಮನೆಯಲ್ಲಿ ಓದಿ ಅಥವಾ ಓದಿಸಿ, ಸುಳ್ಳು ಕಂಡಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ ವಕೀಲರಿಗೆ ಕೊಡಿ. ನಿಮ್ಮ ಹೊಲದ ದಾರಿ, ಮರ, ಬಾವಿ ವಕೀಲರಿಗೆ ಗೊತ್ತಿರುವುದಿಲ್ಲ. ಪಾಟೀಸವಾಲಿನ ಒಳ್ಳೆಯ ಪ್ರಶ್ನೆಗಳು ಆ ಪೆನ್ಸಿಲ್ ಗೆರೆಯಿಂದಲೇ ಹುಟ್ಟಿದ್ದನ್ನು ನೋಡಿದ್ದೇನೆ.

ವಾಯಿದೆ ದಿನ ತಪ್ಪಿಸಬೇಡಿ. ಕಾಯಿಲೆ, ಮದುವೆ ಇದ್ದರೆ ಹಿಂದಿನ ದಿನವೇ ವಕೀಲರಿಗೆ ತಿಳಿಸಿ, ಹಾಜರಿ ವಿನಾಯಿತಿ ಅರ್ಜಿ ಹಾಕಿಸಿ. ಮುಂದಿನ ತಾರೀಖಿಗೆ ಗುಮಾಸ್ತನಿಗೇ ಫೋನ್ ಮಾಡಬೇಕಿಲ್ಲ. ಇ-ಕೋರ್ಟ್ಸ್ ಆಪ್‌ನಲ್ಲಿ ನಿಮ್ಮ ಕೇಸಿನ ಗುರುತಿನ ಸಂಖ್ಯೆಯಾದ 16 ಅಕ್ಷರದ ಸಿಎನ್ಆರ್ ನಂಬರ್ ಹಾಕಿದರೆ ಕಾಣುತ್ತದೆ. ಇದು ನಮ್ಮ ಕಾಲದಲ್ಲಿ ಇದ್ದಿದ್ದರೆ ನನ್ನ ಕಿವಿ ಇನ್ನೂ ಚೆನ್ನಾಗಿರುತ್ತಿತ್ತು.

ವಕೀಲರು ಸರಿ ಇಲ್ಲ ಅನ್ನಿಸಿದರೆ ಬದಲಿಸಬಹುದು. ಅವರಿಂದ 'ಆಕ್ಷೇಪಣೆ ಇಲ್ಲ' ಅಂತ ಬರೆಸಿಕೊಂಡು ಹೊಸಬರು ವಕಾಲತ್ತು ಹಾಕುತ್ತಾರೆ. ಫೀಸು ಬಾಕಿ ಇದೆ ಅಂತ ಹಳಬರು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ, ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿದೆ. ಆದರೂ ಬಾಕಿ ಕೊಟ್ಟು ಬನ್ನಿ. ಊರು ಸಣ್ಣದು, ನಾಳೆ ಅದೇ ಕ್ಯಾಂಟೀನಿನಲ್ಲಿ ಎದುರುಬದುರು ಕೂರಬೇಕು. ಪಾಟೀಸವಾಲಿನ ಮಧ್ಯೆ ಮಾತ್ರ ಬದಲಿಸಬೇಡಿ.

ಹೆಜ್ಜೆ 8: ತೀರ್ಪಿನ ದಿನ

ಗೆಲ್ಲುತ್ತೇವೆ ಅಂತ ಖಾತ್ರಿ ಇದ್ದರೂ ಜಾಮೀನುದಾರನನ್ನೂ ಪಹಣಿಯನ್ನೂ ಜೊತೆಗೇ ಕರೆತನ್ನಿ. 3 ವರ್ಷದವರೆಗಿನ ಶಿಕ್ಷೆಯಾಗಿ, ನೀವು ಜಾಮೀನಿನ ಮೇಲೆ ಹೊರಗಿದ್ದವರಾದರೆ, ಮೇಲ್ಮನವಿ ಹಾಕುವವರೆಗೆ ಅದೇ ಕೋರ್ಟ್ ಬಿಡಬಹುದು. ತೀರ್ಪಿನ ಪ್ರತಿ ಅವತ್ತೇ ಉಚಿತವಾಗಿ ಕೈಗೆ ಕೊಡಬೇಕು. ಮೇಲ್ಮನವಿಗೆ ಸೆಷನ್ಸ್‌ಗಾದರೆ 30 ದಿನ, ಹೈಕೋರ್ಟಿಗಾದರೆ 60 ದಿನ. ಇನ್ನು ಬಿಡುಗಡೆಯೇ ಆದರೂ, ಮೇಲಿನ ಕೋರ್ಟ್ ಕರೆದರೆ ಬರುತ್ತೇನೆ ಅಂತ 6 ತಿಂಗಳ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಅದಕ್ಕೂ ಜಾಮೀನುದಾರ ಬೇಕಾಗಬಹುದು. ಬಿಡುಗಡೆಯಾದ ಸಂತೋಷದಲ್ಲಿ ಹಾರ ತಂದು, ಜಾಮೀನುದಾರನಿಗಾಗಿ ಸಂಜೆ ಐದರವರೆಗೆ ಕೋರ್ಟ್ ಮೆಟ್ಟಿಲ ಮೇಲೆ ಕೂತವರಿಗೆ ನಾನೇ ಎಷ್ಟೋ ಸಲ ನೀರು ತಂದುಕೊಟ್ಟಿದ್ದೇನೆ.