ರಾತ್ರಿ ಹನ್ನೊಂದರ ಹೋಮ್‌ವರ್ಕ್

"ಮ್ಯಾಗ್ನೆಟ್ ಅಂದ್ರೆ ಅಯಸ್ಕಾಂತ ಅಲ್ವೇನೇ? ಸ್ಕೂಲಿಗೆ ಯಾಕೆ ಆ ಹೆಸರು?" ಮಗಳಿಗೆ ಸೀಟು ಸಿಕ್ಕಿದ ಸುದ್ದಿಗೆ ಹಾಸನದಿಂದ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಏನೋ ಹಾರಿಕೆಯ ಉತ್ತರ ಕೊಟ್ಟೆ. ಆಮೇಲೆ ಓದಿದಾಗ ಹೆಸರು ಸರಿಯಾಗಿಯೇ ಇದೆ ಅನ್ನಿಸಿತು. ಅಮೆರಿಕದ ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿಯಲ್ಲಿ, ಸಿಲ್ವರ್ ಸ್ಪ್ರಿಂಗ್‌ನ ಮಾಂಟ್ಗೊಮರಿ ಬ್ಲೇರ್ ಹೈಸ್ಕೂಲಿನೊಳಗೆ ಗಣಿತ, ವಿಜ್ಞಾನ, ಕಂಪ್ಯೂಟರ್ ಮ್ಯಾಗ್ನೆಟ್ ಎಂಬ ವಿಶೇಷ ಕಾರ್ಯಕ್ರಮ ಶುರುವಾದದ್ದು 1985ರಲ್ಲಿ. ಬಿಳಿಯ ಕುಟುಂಬಗಳು ದೂರವಾಗುತ್ತಿದ್ದ ಶಾಲೆಗೆ ಬೇರೆ ಬಡಾವಣೆಗಳ ಮಕ್ಕಳನ್ನು ಸೆಳೆದು ತರಬೇಕಿತ್ತು. ಸೆಳೆಯುವುದೇ ಅದರ ಕೆಲಸ. ಈಗ ನಮ್ಮಂಥ ಅಪ್ಪ ಅಮ್ಮಂದಿರನ್ನು ಎಷ್ಟು ಜೋರಾಗಿ ಸೆಳೆಯುತ್ತದೆ ಎಂದರೆ, ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲೂ ಹೋಳಿಗೆಗಿಂತ ಹೆಚ್ಚು ಮಾತು ಇದರದ್ದೇ.

ನಮ್ಮದು 2018-19ರ ಕತೆ. ಆಗ ಎಂಟನೇ ತರಗತಿಯ ಮಕ್ಕಳಿಗೆ ಪ್ರವೇಶ ಪರೀಕ್ಷೆ ಇತ್ತು. ಕೋವಿಡ್ ನಂತರ ಅದು ಹೋಗಿ, ಶಾಲೆಯಲ್ಲೇ ನಡೆಯುವ ಮ್ಯಾಪ್ ಪರೀಕ್ಷೆಯ ಅಂಕ, ರಿಪೋರ್ಟ್ ಕಾರ್ಡುಗಳ ಮೇಲೆ ನಿಂತಿತು. ಒಂದು ಕೋಚಿಂಗ್ ಸೆಂಟರಿಗೂ ದುಡ್ಡು ಸುರಿದೆವು. ಅಲ್ಲಿ ಅವಳು ಕಲಿತದ್ದು ಎದುರಿನ ಅಂಗಡಿಯ ಬಬಲ್ ಟೀ ರುಚಿ ಒಂದನ್ನೇ. ಅದನ್ನು ಬಿಡಿ.

ಚಳಿಗಾಲ ಮುಗಿಯುವ ಹೊತ್ತಿಗೆ ಎರಡು ಕಡೆಯಿಂದ ಆಹ್ವಾನ ಬಂತು. ಒಂದು ಬ್ಲೇರ್, ವೈಟ್ ಓಕ್‌ನ ನಮ್ಮ ಮನೆಯಿಂದ ನಾಲ್ಕು ಮೈಲಿಯೊಳಗೆ. ಇನ್ನೊಂದು ರಾಕ್‌ವಿಲ್‌ನ ರಿಚರ್ಡ್ ಮಾಂಟ್ಗೊಮರಿ ಹೈಸ್ಕೂಲಿನ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಕಾರ್ಯಕ್ರಮ, ಸುಮಾರು ಹದಿಮೂರು ಮೈಲಿ. ಎಲ್ಲರೂ ಅದನ್ನು 'ಆರ್‌ಎಂ' ಅನ್ನುತ್ತಾರೆ. ಎರಡೂ ಸರ್ಕಾರಿ ಶಾಲೆಗಳು, ಫೀಸಿಲ್ಲ. ಎರಡರಲ್ಲೂ ವರ್ಷಕ್ಕೆ ನೂರರ ಆಸುಪಾಸು ಸೀಟು. ಮೂರನೆಯದು ಪಕ್ಕದ ರಸ್ತೆಯ ಮಾಮೂಲಿ ಹೈಸ್ಕೂಲು. ಅದನ್ನು ಐದು ನಿಮಿಷವೂ ಯೋಚಿಸದೆ ತಳ್ಳಿಹಾಕಿದೆವು. ಅಲ್ಲಿಗೆ ಹೋದ ಅವಳ ಗೆಳತಿಯರು ಎಷ್ಟು ಚೆನ್ನಾಗಿ ಬೆಳೆದರು ಎಂದು ನೋಡಿದ ಮೇಲೆ ಆ ಐದು ನಿಮಿಷದ ಬಗ್ಗೆ ನಾಚಿಕೆಯಾಗುತ್ತದೆ.

ನಾನು ಎಕ್ಸೆಲ್ ಶೀಟ್ ಮಾಡಿದೆ. ವೃತ್ತಿಯಲ್ಲಿ ಸ್ಟಾಟಿಸ್ಟಿಕಲ್ ಪ್ರೋಗ್ರಾಮರ್, ಬೇರೆ ದಾರಿ ಗೊತ್ತಿಲ್ಲ. ದೂರ, ಕೋರ್ಸುಗಳು, ರಾಷ್ಟ್ರಮಟ್ಟದ ವಿಜ್ಞಾನ ಸ್ಪರ್ಧೆಗಳಲ್ಲಿ ಕಂಡ ಹೆಸರುಗಳು, ಹೋಮ್‌ವರ್ಕ್, ಹೀಗೆ ಕಾಲಂ ಮೇಲೆ ಕಾಲಂ. ಪ್ರತಿಯೊಂದಕ್ಕೂ ತೂಕ. ಬ್ಲೇರ್ ಗೆದ್ದಿತು. ಗೆಲ್ಲದೆ ಏನು? ತೂಕ ಕೊಟ್ಟವಳು ನಾನು. ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಳ್ಳದಿದ್ದರೆ ಬದುಕೇ ಇಲ್ಲ ಎಂದು ಹೇಳಿಸಿಕೊಂಡು ಬೆಳೆದವಳು. ಯಜಮಾನರು ಶೀಟು ನೋಡಿ, "ಇದರಲ್ಲಿ ಅವಳೆಲ್ಲಿ?" ಅಂದರು. ಸಿಟ್ಟು ಬಂತು. ಆದರೂ ಪ್ರಶ್ನೆ ತಲೆಯಲ್ಲಿ ಉಳಿಯಿತು.

ಆಮೇಲೆ ಮಾಡಿದ್ದು ಇಷ್ಟು. ಎರಡೂ ಕಡೆಯ ಕೋರ್ಸ್ ಪಟ್ಟಿಯನ್ನು ಪ್ರಿಂಟ್ ತೆಗೆದು ಅವಳ ಕೈಗೆ ಕೊಟ್ಟೆ. "ಗ್ರೇಡ್ ಇಲ್ಲ, ಕಾಲೇಜಿನವರು ಕೇಳೋಲ್ಲ ಅಂದ್ಕೋ. ಆದರೂ ಯಾವ ಕ್ಲಾಸಿಗೆ ಹೋಗಿ ಕೂರ್ತೀಯ, ಟಿಕ್ ಹಾಕು." ಬ್ಲೇರ್ ಪಟ್ಟಿ ನೋಡಿದರೆ ನನಗೇ ಮತ್ತೆ ಹದಿನಾಲ್ಕು ವಯಸ್ಸಾಗಬಾರದೇ ಅನ್ನಿಸುತ್ತದೆ: ಕ್ವಾಂಟಮ್ ಫಿಸಿಕ್ಸ್, ಥರ್ಮೋಡೈನಮಿಕ್ಸ್, ಆಪ್ಟಿಕ್ಸ್, ಲೀನಿಯರ್ ಆಲ್ಜೀಬ್ರಾ, ಅಲ್ಗಾರಿದಮ್ ವಿಶ್ಲೇಷಣೆ. ಇಷ್ಟೆಲ್ಲ ಹೈಸ್ಕೂಲಿನಲ್ಲಿ! ಅದಕ್ಕೇ ಮ್ಯಾಗ್ನೆಟ್ ಮಕ್ಕಳಿಗೆ ದಿನಕ್ಕೊಂದು ಪೀರಿಯಡ್ ಹೆಚ್ಚು. ಅವಳು ಟಿಕ್ ಹಾಕಿದ್ದು ಎರಡಕ್ಕೆ, ಸಮುದ್ರ ಜೀವಶಾಸ್ತ್ರ ಮತ್ತು ಕೀಟಶಾಸ್ತ್ರ. ಆರ್‌ಎಂ ಹಾಳೆಯಲ್ಲಿ ಆಯ್ಕೆ ಕಡಿಮೆ. ಐಬಿ ಡಿಪ್ಲೊಮಾ ಇರುವುದೇ ಹಾಗೆ: ಕೊನೆಯ ಎರಡು ವರ್ಷ ಆರು ವಿಷಯ, ಅದರಲ್ಲಿ ಸಾಹಿತ್ಯ, ಎರಡನೇ ಭಾಷೆ, ಇತಿಹಾಸದಂಥದ್ದು, ವಿಜ್ಞಾನ, ಗಣಿತ, ಯಾವುದನ್ನೂ ಪೂರ್ತಿ ಬಿಡುವ ಹಾಗಿಲ್ಲ. ಜೊತೆಗೆ ಥಿಯರಿ ಆಫ್ ನಾಲೆಜ್ ಎಂಬ ತರಗತಿ, ನಾಲ್ಕು ಸಾವಿರ ಪದಗಳ ಒಂದು ಪ್ರಬಂಧ, ಶಾಲೆಯಾಚೆಯ ಸೇವೆ, ಚಟುವಟಿಕೆ. ಆ ಪ್ರಬಂಧದ ಮುಂದೆ ಅವಳು ಟಿಕ್ ಹಾಕಲಿಲ್ಲ, ಸುತ್ತ ವೃತ್ತ ಬರೆದಿದ್ದಳು.

ಒಂದು ಮಧ್ಯಾಹ್ನದ ಟಿಕ್ ನಂಬುವುದು ಹೇಗೆ? ಎರಡು ವಾರ ಅವಳಿಗೆ ಹೇಳದೆ ಫ್ರಿಜ್ ಪಕ್ಕದ ಕ್ಯಾಲೆಂಡರಿನಲ್ಲಿ ಗುರುತು ಮಾಡಿದೆ: ಯಾವ ಹೋಮ್‌ವರ್ಕ್, ಎಷ್ಟು ಗಂಟೆಗೆ ಮುಗಿಯಿತು. ಗಣಿತ ಏಳೂವರೆಯೊಳಗೆ ಖಲಾಸ್. ಎಲ್ಲ ಸರಿ, ಪುಸ್ತಕ ಬಂದ್, ಮತ್ತೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಇತಿಹಾಸದ ಒಂದು ಪುಟದ ಅಸೈನ್‌ಮೆಂಟು ಮಾತ್ರ ರಾತ್ರಿ ಹನ್ನೊಂದಕ್ಕೂ ಮೇಜಿನ ಮೇಲೇ. "ಸಾಕು ಮಲಗೇ" ಅಂದರೆ, "ಇರಮ್ಮ, ಈ ಪ್ಯಾರಾ ಸುಳ್ಳು ಹೇಳ್ತಿದೆ" ಅನ್ನುವಳು. ರಿಪೋರ್ಟ್ ಕಾರ್ಡಿನಲ್ಲಿ ಎರಡಕ್ಕೂ ಎ. ಗಣಿತವನ್ನು ಮುಗಿಸುತ್ತಾಳೆ, ಇತಿಹಾಸವನ್ನು ಬಿಡುವುದಿಲ್ಲ. ಈ ವ್ಯತ್ಯಾಸಕ್ಕೆ ನನ್ನ ಶೀಟಿನಲ್ಲಿ ಕಾಲಂ ಇರಲಿಲ್ಲ.

ಅದೇ ದಿನಗಳಲ್ಲಿ ಲ್ಯಾನ್‌ಹ್ಯಾಮ್‌ನ ಶಿವವಿಷ್ಣು ದೇವಸ್ಥಾನದ ಕ್ಯಾಂಟೀನಿನಲ್ಲಿ ಬ್ಲೇರ್ ಮ್ಯಾಗ್ನೆಟ್ಟಿನ ಹುಡುಗನೊಬ್ಬ ಸಿಕ್ಕ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿಗೆ ಸೇರಿದ ಮೇಲೆ ಏನು ಬಿಟ್ಟೆ?" ಶಾಲೆ ಹೇಗಿದೆ ಅಂದರೆ ಎಲ್ಲ ಮಕ್ಕಳೂ "ಗುಡ್ ಆಂಟಿ" ಅಂತ ಕೈತೊಳೆದುಕೊಳ್ಳುತ್ತಾರೆ, ಏನು ಬಿಟ್ಟೆ ಅಂದರೆ ಬಾಯಿ ಬಿಡುತ್ತಾರೆ. ವಯೊಲಿನ್ ಬಿಟ್ಟೆ, ನಿದ್ದೆ ಅರ್ಧ ಬಿಟ್ಟೆ ಅಂದ. ಒಂಬತ್ತನೇ ತರಗತಿಯ ಫಂಕ್ಷನ್ಸ್ ಎಂಬ ಗಣಿತದ ಕೋರ್ಸು ಹೇಗೆ ಬೆವರಿಳಿಸಿತು ಅಂತ ಹೇಳುತ್ತ ಹೇಳುತ್ತ, ದೋಸೆ ಮುಗಿದ ಪೇಪರ್ ತಟ್ಟೆಯ ಮೇಲೆ ಸಾಂಬಾರಿನ ಬೆರಳಲ್ಲೇ ಗ್ರಾಫ್ ಬರೆಯತೊಡಗಿದ. ಅವನ ಅಮ್ಮ ಬೈದರೂ ಕೇಳಲಿಲ್ಲ. ಹನ್ನೊಂದನೇ ತರಗತಿ ಮುಗಿದ ಬೇಸಿಗೆಯಲ್ಲಿ ಅಲ್ಲಿನ ಮಕ್ಕಳು ಎನ್‌ಐಎಚ್‌ನಂಥ ಸಂಶೋಧನಾ ಸಂಸ್ಥೆಗಳ ಲ್ಯಾಬ್‌ಗಳಲ್ಲಿ ಪ್ರಾಜೆಕ್ಟ್ ಮಾಡುತ್ತಾರಲ್ಲ, ಅದಕ್ಕಾಗಿ ಆಗಲೇ ಯಾರ್ಯಾರಿಗೋ ಇಮೇಲ್ ಬರೆಯುತ್ತಿದ್ದನಂತೆ. ಇವನು ಇತಿಹಾಸದ ಹೋಮ್‌ವರ್ಕನ್ನು ಏಳೂವರೆಗೆ ಮುಗಿಸುವ ಹುಡುಗ ಅಂದುಕೊಂಡೆ.

ಉಳಿದದ್ದು ಬಸ್ಸು. ದೂರದ ಮ್ಯಾಗ್ನೆಟ್ ಮಕ್ಕಳಿಗೆ ಹಳದಿ ಬಸ್ಸು ಉಚಿತ, ಆದರೆ ಮನೆ ಬಾಗಿಲಿಗೆ ಬರುವುದಿಲ್ಲ. ಗೊತ್ತಾದ ಒಂದು ಜಾಗಕ್ಕೆ ನಾವೇ ಹೋಗಬೇಕು. ಮೊದಲ ಗಂಟೆ 7:45ಕ್ಕೆ. ಒಂದು ಮಂಗಳವಾರ ಕತ್ತಲಲ್ಲೇ ಎದ್ದು ಇಬ್ಬರೂ ರಾಂಡಾಲ್ಫ್ ರಸ್ತೆ ಹಿಡಿದು ರಾಕ್‌ವಿಲ್‌ವರೆಗೆ ಕಾರಿನಲ್ಲಿ ಹೋಗಿ ನೋಡಿದೆವು. ಎಲ್ಲ ಸಿಗ್ನಲ್ಲೂ ಕೆಂಪು. ಅವಳು ಅರ್ಧ ದಾರಿಗೇ ನಿದ್ದೆಹೋದಳು. ಶಾಲೆಯ ಮುಂದೆ ನಿಲ್ಲಿಸಿ ಎಬ್ಬಿಸಿ, "ದಿನಾ ಹೀಗೇ, ಆಗುತ್ತಾ?" ಅಂದೆ. "ಬಸ್ಸಲ್ಲಿ ನಿದ್ದೆ ಬರುತ್ತೆ ಅಂತ ಗೊತ್ತಾಯ್ತಲ್ಲ" ಅಂದಳು. ಆರ್‌ಎಂಗೆ ಒಪ್ಪಿಗೆ ಕಳಿಸಿದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬ್ಲೇರ್ ಸೀಟು ಬಿಟ್ಟವರುಂಟೇ ಎಂದು ಇಬ್ಬರು ಫೋನ್ ಮಾಡಿ ಕೇಳಿಯೂ ಆಗಿತ್ತು.

ತಮಾಷೆ ಅಂದರೆ, 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಶೀಟಿನಲ್ಲಿ ಅತಿ ಹೆಚ್ಚು ತೂಕ ಪಡೆದಿದ್ದ ದೂರ, ಹಾಸಿಗೆಯಿಂದ ಲ್ಯಾಪ್‌ಟಾಪ್‌ವರೆಗೆ ಬಂದು ನಿಂತಿತು.

ವೃತ್ತ ಹಾಕಿದ್ದ ಪ್ರಬಂಧವನ್ನು ಅವಳು ಬರೆದದ್ದು 2022ರಲ್ಲಿ, ಬಳ್ಳಾರಿಯ ಬಗ್ಗೆ. ನನ್ನ ಮಾವ ಅಲ್ಲಿಯವರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ, ಬಳ್ಳಾರಿ ಮದ್ರಾಸ್ ರಾಜ್ಯದಿಂದ ಮೈಸೂರಿಗೆ ಸೇರಿದಾಗ ಅವರು ಚಡ್ಡಿ ಹಾಕುವ ಹುಡುಗ. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ರಾಯದುರ್ಗದಲ್ಲಿದ್ದ ಅವರ ಸೋದರತ್ತೆ ರಾತ್ರೋರಾತ್ರಿ ಬೇರೆ ರಾಜ್ಯದವರಾದರು. ಈ ಕತೆ ನಮ್ಮ ಮನೆಯಲ್ಲಿ ನೂರು ಸಲ ಕೇಳಿ ಸವೆದದ್ದು. ಅವಳು ಅದನ್ನು ವಿಡಿಯೋ ಕಾಲ್‌ನಲ್ಲಿ ಕೂತು ಮತ್ತೆ ಕೇಳಿ, ತಾತನ ನೆನಪು ಎಲ್ಲಿ ತಪ್ಪಿದೆ ಎಂದು ಹುಡುಕಿದಳು. ಹದಿನಾರು ತುಂಬಿದವರಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಓದುಗರ ಕಾರ್ಡು ಸಿಗುತ್ತದೆ. ಮೆಟ್ರೋ ಹಿಡಿದು ಹೋಗಿ ಹಳೆಯ ವರದಿಗಳನ್ನು ತೆಗೆಸಿದಳು. ತಾತನಿಗೆ ಒಂದು ವಾರ ಮುನಿಸು. ಆಮೇಲೆ ತಾವಾಗಿಯೇ ಫೋನ್ ಮಾಡಿ, "ಇನ್ನೊಂದು ನೆನಪಾಯ್ತು, ಬರ್ಕೋ" ಅಂದರು.

ಕಳೆದುಕೊಂಡದ್ದೂ ಇದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮೊದಲ ವರ್ಷದಲ್ಲಿ ಅವಳು ಲೀನಿಯರ್ ಆಲ್ಜೀಬ್ರಾ ತೆಗೆದುಕೊಂಡಳು. ಪಕ್ಕದಲ್ಲಿ ಕೂತವರು ಬ್ಲೇರ್‌ನಿಂದ ಬಂದವರು. ಅದನ್ನು ಹೈಸ್ಕೂಲಿನಲ್ಲೇ ಅರೆದು ಕುಡಿದಿದ್ದರು. ಮೊದಲ ಮಿಡ್‌ಟರ್ಮ್ ಆದ ರಾತ್ರಿ ಫೋನ್ ಮಾಡಿ, "ಅಮ್ಮಾ, ಆ ಎಕ್ಸೆಲ್ ಶೀಟ್ ಇನ್ನೂ ಇದೆಯಾ?" ಅಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಇದೆ ಅಂದೆ. ಮಗ ಈಗ ಎಂಟನೇ ತರಗತಿ. ಶೀಟು ತೆರೆದಿಲ್ಲ, ಕ್ಯಾಲೆಂಡರ್ ಮಾತ್ರ ಹೊಸದು ತಂದು ಫ್ರಿಜ್ ಪಕ್ಕ ನೇತುಹಾಕಿದ್ದೇನೆ. ಅವನ ಯಾವ ಹೋಮ್‌ವರ್ಕೂ ಇದುವರೆಗೆ ಏಳೂವರೆ ದಾಟಿಲ್ಲ; ಹನ್ನೊಂದು ಗಂಟೆಗೆ ಮೇಜಿನ ಮೇಲೆ ಇರುವುದು ಬಿಚ್ಚಿ ಹರವಿದ ನನ್ನ ಹಳೆಯ ಮಿಕ್ಸಿ.