ಪ್ಯೂರ್ ಡೇಟಾದಲ್ಲಿ ಗಿಟಾರ್: ಲೇಟೆನ್ಸಿ ಇಳಿಸಿದ್ದು ಹೀಗೆ

ಪ್ಯೂರ್ ಡೇಟಾ ಅಂದರೆ ಪರದೆಯ ಮೇಲೆ ಬಾಕ್ಸ್ ಜೋಡಿಸಿ ಸದ್ದಿನ ಪ್ರೋಗ್ರಾಂ ಕಟ್ಟುವ ಸಾಫ್ಟ್‌ವೇರ್. ಗಿಟಾರನ್ನು ಅದಕ್ಕೆ ಕೊಟ್ಟು, ಅಲ್ಲಿ ಕಟ್ಟಿದ ಎಫೆಕ್ಟ್‌ಗಳ ಜೊತೆ ನುಡಿಸಬೇಕು ಅನ್ನೋದು ನನ್ನ ಆಸೆಯಾಗಿತ್ತು. ಬಾಕ್ಸ್‌ಗಳನ್ನು ಗೆರೆಯಿಂದ ಜೋಡಿಸಿ ಪ್ಯಾಚ್ (ಅಂದರೆ ಪ್ರೋಗ್ರಾಂ) ಮಾಡುವುದೇನೋ ಸುಲಭ. ಆದರೆ ತಂತಿ ಮೀಟಿದ ಮೇಲೆ ಸದ್ದು ತಡವಾಗಿ ಬಂದರೆ ಕೈ ತಾಳ ತಪ್ಪುತ್ತದೆ. ಈ ತಡವೇ ಲೇಟೆನ್ಸಿ.

ಸೆಟ್ಟಿಂಗ್ ಮುಟ್ಟುವ ಮೊದಲು ತಡ ಎಷ್ಟಿದೆ ಅಂತ ಅಳೆದೆ. ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್‌ನ ಔಟ್‌ಪುಟ್‌ನಿಂದ ಅದರದೇ ಇನ್‌ಪುಟ್‌ಗೆ ಒಂದು ಕೇಬಲ್ ಹಾಕಿದೆ. ಒಂದೇ ಬ್ಯಾಂಗ್ (‘ಶುರು ಮಾಡು’ ಅನ್ನುವ ಸಂದೇಶ) ಒಂದು ಕ್ಲಿಕ್ಕನ್ನು ಹೊರಗೆ ಕಳಿಸುತ್ತದೆ, ಇನ್‌ಪುಟ್ಟನ್ನು ಅರೇಗೆ (ಸ್ಯಾಂಪಲ್‌ಗಳ, ಅಂದರೆ ಸದ್ದಿನ ಅಳತೆಗಳ ಪಟ್ಟಿಗೆ) ಬರೆಯುವ ಟ್ಯಾಬ್‌ರೈಟ್~ ಬಾಕ್ಸನ್ನೂ ಶುರು ಮಾಡುತ್ತದೆ. ಕ್ಲಿಕ್ ಅರೇಯ ಎಷ್ಟನೇ ಸ್ಯಾಂಪಲ್‌ನಲ್ಲಿ ಕಾಣುತ್ತದೋ, ಹೋಗಿ ಬರಲು ಹಿಡಿದ ಸಮಯ ಅಷ್ಟು. 48,000 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ ಇದ್ದಾಗ, 480 ಸ್ಯಾಂಪಲ್ ಅಂದರೆ 10 ಮಿಲಿಸೆಕೆಂಡ್. ಈ ಪ್ಯಾಚ್‌ನಲ್ಲಿ ಇನ್‌ಪುಟ್ಟನ್ನು ನೇರ ಔಟ್‌ಪುಟ್‌ಗೆ ಜೋಡಿಸಬೇಡಿ, ಕಿವಿ ಹರಿಯುವಂತೆ ಕೂಗುತ್ತದೆ. ಡ್ರೈವರ್ ತಾನೇ ತೋರಿಸುವ ಅಂಕಿಗಿಂತ ಈ ಕೇಬಲ್ ಲೆಕ್ಕದ ಮೇಲೆ ನನಗೆ ನಂಬಿಕೆ ಜಾಸ್ತಿ.

ವಿಂಡೋಸ್‌ನಲ್ಲಿ ದೊಡ್ಡ ಲಾಭ ಸಿಕ್ಕಿದ್ದು ವಿಂಡೋಸ್‌ನ ಸಾಮಾನ್ಯ ಆಡಿಯೋ ದಾರಿಯಾದ ಎಂಎಂಐಒ ಬಿಟ್ಟು ಇಂಟರ್‌ಫೇಸ್‌ನ ಕಡಿಮೆ ತಡದ ಎಎಸ್‌ಐಒ ಡ್ರೈವರ್‌ಗೆ ಬಂದಾಗ. ಆಮೇಲೆ ಆಡಿಯೋ ಸೆಟ್ಟಿಂಗ್‌ನಲ್ಲಿ ಡಿಲೇ ಅಂಕಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋದೆ. ಚಟಪಟ ಸದ್ದು ಶುರುವಾದ ಕೂಡಲೇ ಒಂದು ಹೆಜ್ಜೆ ಮೇಲೆ ಹೋಗಿ ನಿಂತೆ. ವೈಫೈ ಆಫ್ ಮಾಡಿದೆ, ಪವರ್ ಉಳಿತಾಯದ ಮೋಡ್ ತೆಗೆದೆ. 10 ಮಿಲಿಸೆಕೆಂಡ್‌ಗಿಂತ ಕೆಳಗೆ ಬಂದ ಮೇಲೆ ಡ್ರೈವರ್ ಬೆನ್ನು ಹತ್ತುವುದನ್ನು ಬಿಟ್ಟೆ. ಅಷ್ಟು ಹೊತ್ತಿನಲ್ಲಿ ಸದ್ದು ಗಾಳಿಯಲ್ಲಿ ಸುಮಾರು ಮೂರೂವರೆ ಮೀಟರ್ ಹೋಗುತ್ತದೆ. ಆಂಪ್‌ನಿಂದ ಅಷ್ಟು ದೂರ ನಿಂತು ನುಡಿಸುವುದು ಯಾರಿಗೂ ಹೊಸದಲ್ಲ, ಅಲ್ವಾ?

ಅರೇ ಗ್ರಾಫ್‌ಗಳನ್ನೂ ಮೀಟರ್‌ಗಳನ್ನೂ ನುಡಿಸುವಾಗ ಮುಚ್ಚಿಡುತ್ತೇನೆ. ಪರದೆಯ ಮೇಲೆ ಬಿಡಿಸುವ ಕೆಲಸ ಜಾಸ್ತಿಯಾದರೆ ಆಡಿಯೋ ತುಂಡಾಗುತ್ತದೆ.

ಉಳಿದ ತಡ ಕೂತಿದ್ದು ಪ್ಯಾಚ್ ಒಳಗೇ. ಪ್ಯೂರ್ ಡೇಟಾ 64 ಸ್ಯಾಂಪಲ್‌ಗಳ ಬ್ಲಾಕ್‌ಗಳಲ್ಲಿ ಕೆಲಸ ಮಾಡುತ್ತದೆ, ಅಂದರೆ 1.33 ಮಿಲಿಸೆಕೆಂಡ್. ಬ್ಲಾಕ್~ ಬಾಕ್ಸ್ ಹಾಕಿ ಸಬ್‌ಪ್ಯಾಚ್‌ನಲ್ಲಿ (ಪ್ಯಾಚ್ ಒಳಗಿನ ಪ್ಯಾಚ್‌ನಲ್ಲಿ) ಇದನ್ನು 1ಕ್ಕೆ ಇಳಿಸಬಹುದು. ಒಂದು ಬ್ಲಾಕ್‌ಗಿಂತ ಚಿಕ್ಕ ಫೀಡ್‌ಬ್ಯಾಕ್ ಡಿಲೇಗೆ ಅದು ಬೇಕಾಗುತ್ತದೆ, ಆದರೆ ಒಳಬರುವ ಹೊರಹೋಗುವ ತಡ ಅದರಿಂದ ಒಂದಿಷ್ಟೂ ಇಳಿಯದು. ನನ್ನಲ್ಲಿ ನಿಜವಾಗಿ ತಡ ಮಾಡುತ್ತಿದ್ದದ್ದು ಸಿಗ್ಮಂಡ್~, ಗಿಟಾರಿನ ಸ್ವರ ಗುರುತಿಸಿ ಸಿಂಥ್‌ಗೆ ಕೊಡುವ ಬಾಕ್ಸ್. ಸ್ವರ ಗುರುತಿಸಲು ಅದು ಸುಮ್ನೆ ಬಿಟ್ಟರೆ 1024 ಸ್ಯಾಂಪಲ್ ನೋಡುತ್ತದೆ, ಅಂದರೆ 21 ಮಿಲಿಸೆಕೆಂಡ್. ಮೀಟಿದ ಕ್ಷಣವನ್ನು ಹಿಡಿಯುವ ಕೆಲಸವನ್ನು ಬಾಂಕ್~ ಅನ್ನುವ ಇನ್ನೊಂದು ಬಾಕ್ಸ್‌ಗೆ ಕೊಟ್ಟೆ. ಅದರ ಕಿಟಕಿ, ಅಂದರೆ ಒಮ್ಮೆಗೆ ನೋಡುವ ಭಾಗ, 256 ಸ್ಯಾಂಪಲ್ ಮಾತ್ರ. ಸಿಗ್ಮಂಡ್~ನ ಕಿಟಕಿಯನ್ನೇ ಚಿಕ್ಕದು ಮಾಡಿದರೆ ಆಗದೇ? ಮೇಲಿನ ತಂತಿಗಳಿಗೆ ಆಗುತ್ತದೆ. ದಪ್ಪ ಇ ತಂತಿಯ ಒಂದು ಕಂಪನಕ್ಕೇ ಸುಮಾರು 12 ಮಿಲಿಸೆಕೆಂಡ್ ಬೇಕು. ಅದು ಮುಗಿಯುವ ಮೊದಲು ಸ್ವರ ಹೇಳು ಎಂದರೆ ಯಾವ ಸಾಫ್ಟ್‌ವೇರ್ ಹೇಳೀತು? ಹಾಗಾಗಿ ಬಾಂಕ್~ ಸಿಕ್ಕಿದ ತಕ್ಷಣ ಸ್ವರವಿಲ್ಲದ ಒಂದು ಚಿಕ್ಕ ಟಕ್ ಸದ್ದು ಹೊರಡಿಸುತ್ತೇನೆ, ಸಿಂಥ್ ಸ್ವರ ಅದರ ಹಿಂದೆಯೇ ಬಂದು ಸೇರುತ್ತದೆ.