ಉಪ್ಪಿನಕಾಯಿ ಬಾಟಲಿಯಲ್ಲಿ ಕರೆಂಟ್ ಹಿಡಿದಿಡುವುದು: ನನ್ನ ಅನುಭವ

ಗಾಜು ತನ್ನೊಳಗೆ ಕರೆಂಟ್ ಹರಿಯಲು ಬಿಡುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಆದರೆ ಅದೇ ಗಾಜು ವಿದ್ಯುತ್ತನ್ನು ಕೂಡಿಡುತ್ತದೆ ಅನ್ನೋದು ಕೈಯಾರೆ ಮಾಡಿ ನೋಡಿದಾಗಲೇ ತಲೆಗೆ ಹೋಗುವುದು. ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಕೆಪಾಸಿಟರ್, ಅಂದರೆ ವಿದ್ಯುತ್ ಚಾರ್ಜ್ ಕೂಡಿಡುವ ಸಾಧನದ ಪಾಠ ಬಂದಾಗ ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಮುಗಿಸಲು ಮನಸ್ಸು ಬರುವುದಿಲ್ಲ, ಅದಕ್ಕೇ ಲೇಡನ್ ಜಾಡಿ ಮಾಡುತ್ತೇನೆ. 1745–46ರಲ್ಲಿ ಜರ್ಮನಿಯ ಫಾನ್ ಕ್ಲೈಸ್ಟ್ ಮತ್ತು ಹಾಲೆಂಡಿನ ಲೇಡನ್ ಊರಿನ ವಿಜ್ಞಾನಿ ಮುಷೆನ್‌ಬ್ರೂಕ್ ಬೇರೆಬೇರೆಯಾಗಿ ಕಂಡುಕೊಂಡ, ಗಾಜಿನ ಬಾಟಲಿಯ ಕೆಪಾಸಿಟರ್ ಅದು.

ಬೇಕಾಗುವುದು ಅಗಲ ಬಾಯಿಯ ಗಾಜಿನ ಬಾಟಲಿ, ಅಲ್ಯೂಮಿನಿಯಂ ಫಾಯಿಲ್, ಪ್ಲಾಸ್ಟಿಕ್ ಮುಚ್ಚಳ, ಒಂದು ಬೋಲ್ಟ್. ಒಳಗೂ ಹೊರಗೂ ಮುಕ್ಕಾಲು ಎತ್ತರದವರೆಗೆ ಫಾಯಿಲ್ ಅಂಟಿಸಿ, ಮುಚ್ಚಳದಲ್ಲಿ ಬೋಲ್ಟ್ ತೂರಿಸಿ, ಅದರಿಂದ ಒಂದು ತಂತಿ ಒಳಗಿನ ಫಾಯಿಲ್‌ಗೆ ತಾಗುವಂತೆ ಇಳಿಬಿಡುತ್ತೇನೆ. ಹೊರಗಿನ ಫಾಯಿಲ್ ಕೈಯಲ್ಲಿ ಹಿಡಿದು, ಉಣ್ಣೆಬಟ್ಟೆಯಿಂದ ಚೆನ್ನಾಗಿ ಉಜ್ಜಿದ ಪಿವಿಸಿ ಪೈಪನ್ನು ಬೋಲ್ಟ್ ತಲೆಯ ಪಕ್ಕ ಮತ್ತೆ ಮತ್ತೆ ಆಡಿಸಿದರೆ ಚಿಟಚಿಟ ಅನ್ನುತ್ತಾ ಚಾರ್ಜ್ ಒಳಗೆ ಸೇರುತ್ತದೆ.

ಗಾಜು 3 ಮಿ.ಮೀ. ದಪ್ಪ, ಫಾಯಿಲ್ 300 ಚದರ ಸೆಂ.ಮೀ. ಇದ್ದರೆ ಚಾರ್ಜ್ ಕೂಡಿಡುವ ಸಾಮರ್ಥ್ಯ ಸುಮಾರು 600 ಪಿಕೋಫ್ಯಾರಡ್ (ಆ ಸಾಮರ್ಥ್ಯದ ಅಳತೆ) ಸಿಗುತ್ತದೆ. ಮಧ್ಯೆ ಗಾಜಿನ ಬದಲು ಬರೀ ಗಾಳಿ ಇದ್ದಿದ್ದರೆ ಇದರ ಏಳನೇ ಒಂದು ಭಾಗವಷ್ಟೇ. 20,000 ವೋಲ್ಟ್ ಏರಿದರೂ ಕೂಡಿದ ಶಕ್ತಿ 0.12 ಜೂಲ್. ಮೊಬೈಲ್ ಬ್ಯಾಟರಿಯಲ್ಲಿ 50,000 ಜೂಲ್ ದಾಟುತ್ತದೆ, ಅದರ ಮುಂದೆ ಇದು ಏನೇನೂ ಅಲ್ಲ. ಆದರೆ ಬೋಲ್ಟಿಗೂ ಹೊರಗಿನ ಫಾಯಿಲ್‌ಗೂ ತಂತಿ ತಾಗಿಸಿದರೆ ಅಷ್ಟೂ ಒಂದೇ ಏಟಿಗೆ ಹೊರಬರುತ್ತೆ, ಅದಕ್ಕೇ ಕಿಡಿ ಅಷ್ಟು ಜೋರು.

ನಿಜವಾದ ಕಷ್ಟ ತೇವದ್ದು. ಮಳೆಗಾಲದಲ್ಲಿ ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ, ಚಾರ್ಜ್ ಬಾಟಲಿಯ ಅಂಚು ಹತ್ತಿ ಆ ಕಡೆ ಇಳಿದುಹೋಗುತ್ತದೆ, ಎಷ್ಟು ಉಜ್ಜಿದರೂ ಏನೂ ಉಳಿಯಲ್ಲ. ಹಾಗಾಗಿ ಫಾಯಿಲ್ ಇಲ್ಲದ ಮೇಲಿನ ಪಟ್ಟಿಯನ್ನು ಸ್ಪಿರಿಟ್‌ನಿಂದ ಒರೆಸಿ, ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಆಮೇಲೆ ಬೆರಳು ತಾಗಿಸುವುದಿಲ್ಲ. ಚಳಿಗಾಲದ ಒಣ ಹವೆಯಲ್ಲಿ ಇದ್ಯಾವುದೂ ಜಾಸ್ತಿ ಬೇಕಾಗುವುದಿಲ್ಲ.

ಚಾರ್ಜ್ ಕೂರುವುದು ಫಾಯಿಲ್‌ನಲ್ಲೋ ಗಾಜಿನಲ್ಲೋ? ಬೆಂಜಮಿನ್ ಫ್ರಾಂಕ್ಲಿನ್ ಮಾಡಿದಂತೆ ಬಿಡಿಸಬಹುದಾದ ಜಾಡಿ (ಫಾಯಿಲ್ ಬದಲು ಗಾಜಿನ ಒಳಗೂ ಹೊರಗೂ ಕಳಚಬಹುದಾದ ಲೋಹದ ಡಬ್ಬಿ) ಮಾಡಿ, ಚಾರ್ಜ್ ಕೊಟ್ಟು, ಒಳಗಿನ ಡಬ್ಬಿಯನ್ನು ಪ್ಲಾಸ್ಟಿಕ್ ಹಿಡಿಯಿಂದ ಎತ್ತಿ, ಹೊರಗಿನದನ್ನೂ ಕಳಚಿ, ಎರಡನ್ನೂ ಒಂದಕ್ಕೊಂದು ತಾಗಿಸಿದರೆ ಕಿಡಿ ಇಲ್ಲ. ಮತ್ತೆ ಜೋಡಿಸಿದರೆ ಟಕ್ ಅಂತ ಕಿಡಿ! ಮಕ್ಕಳ ಮುಖ ಆಗ ನೋಡಬೇಕು. ಎಲ್ಲಾ ಗಾಜಿನೊಳಗೇ ಇದೆ ಅಂದ ಫ್ರಾಂಕ್ಲಿನ್. 1922ರಲ್ಲಿ ಆಡನ್‌ಬ್ರೂಕ್ ಎಂಬ ಸಂಶೋಧಕ ಇದನ್ನೇ ಗಾಜಿನ ಬದಲು ತೇವ ಹಿಡಿಯದ ಮೇಣದ ಜಾಡಿಯಲ್ಲಿ ಮಾಡಿದಾಗ ಚಾರ್ಜ್ ಲೋಹದಲ್ಲೇ ಉಳಿಯಿತು. ಅಂದ್ರೆ ಗಾಜಿನ ಮೇಲಿನ ಆ ತೇವದ ಪೊರೆಯೇ ಕಳಚುವಾಗ ಚಾರ್ಜನ್ನು ಹಿಡಿದುಕೊಳ್ಳುತ್ತದೆ. ನಾನು ಒರೆಸಿ ಓಡಿಸುವ ಪೊರೆಯೇ ಇಲ್ಲಿ ಕೆಲಸ ಮಾಡುವುದು, ನೋಡಿ.

ಮಾಡಲು ಹೊರಟವರು ಒಂದು ಮಾತು ಕೇಳಿ. ಹಲವು ಜಾಡಿ ಒಟ್ಟಿಗೆ ಜೋಡಿಸಬೇಡಿ, ಹೃದಯದ ತೊಂದರೆ ಇರುವವರು ಮುಟ್ಟಲೇಬಾರದು. ಒಮ್ಮೆ ಕಿಡಿ ಹಾರಿದ ಮೇಲೂ ಗಾಜು ಎಲ್ಲವನ್ನೂ ಬಿಟ್ಟುಕೊಟ್ಟಿರುವುದಿಲ್ಲ, ಸ್ವಲ್ಪ ಹೊತ್ತು ಸುಮ್ನೆ ಇಟ್ಟು ಮತ್ತೆ ತಂತಿ ತಾಗಿಸಿದರೆ ಸಣ್ಣ ಕಿಡಿ ಬರುತ್ತದೆ. ಕಪಾಟಿನಲ್ಲಿ ಇಡುವಾಗ ಬೋಲ್ಟಿಗೂ ಹೊರಗಿನ ಫಾಯಿಲ್‌ಗೂ ಒಂದು ತಂತಿ ಸುತ್ತಿಯೇ ಇಡಿ.